ಒಂದೇ ಕಾರಿನ ಇಬ್ಬರು ಎದುರಾಳಿಗಳು

ನನ್ನ ಅಕ್ಕ ಮಾರ್ಲಿಸ್‌ಳ ಗಂಡ ವೆಂಡೆಲ್ ಕ್ರಾಹುಲಿಕ್ ಮಾತು ಕಡಿಮೆಯ ಮನುಷ್ಯ. ಮದುವೆಯಾದ ಹೊಸದರಲ್ಲಿ ನಮ್ಮಪ್ಪ, ಈ ಹುಡುಗನಿಗೆ ಬಾಯಿ ಇದೆಯೋ ಇಲ್ಲವೋ ಅಂತ ಅಕ್ಕನನ್ನು ಕೇಳಿದ್ದುಂಟು. ಇದೆ, ಊಟಕ್ಕೆ ಮಾತ್ರ ತೆಗೀತಾರೆ ಅಂದಿದ್ದಳು ಅಕ್ಕ.

ಭಾವ ಕಾಲೇಜಿನ ಫುಟ್‌ಬಾಲ್ ತಂಡದಲ್ಲಿ, ಅಂದರೆ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ನಮ್ಮ ಅಮೆರಿಕದ ಫುಟ್‌ಬಾಲಿನಲ್ಲಿ, ಲೈನ್‌ಬ್ಯಾಕರ್ ಆಗಿದ್ದವರು. ಮುಂದಿನ ಸಾಲಿನಲ್ಲಿ ದೈತ್ಯರಂಥವರು ನೆಲಕ್ಕೆ ಕೈಯೂರಿ ಬಗ್ಗಿ ನಿಂತಿರುತ್ತಾರಲ್ಲ, ಅವರ ಬೆನ್ನ ಹಿಂದೆ ನಾಲ್ಕೈದು ಹೆಜ್ಜೆ ದೂರದಲ್ಲಿ ಲೈನ್‌ಬ್ಯಾಕರ್‌ನ ಜಾಗ. ಎದುರಿನವರು ಚೆಂಡು ಹಿಡಿದು ನುಗ್ಗುತ್ತಾರೋ, ದೂರಕ್ಕೆ ಎಸೆಯುತ್ತಾರೋ ಅನ್ನೋದನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ತೀರ್ಮಾನಿಸಿ, ಓಡಿ ಹೋಗಿ ಕೆಡವಬೇಕು. ಭಾವ ಚೆನ್ನಾಗಿಯೇ ಆಡುತ್ತಿದ್ದರಂತೆ. ಆದರೆ ಯಾವ ದೊಡ್ಡ ಕ್ಲಬ್ಬೂ ಕರೆಯಲಿಲ್ಲ. ಊರಿಗೆ ಬಂದು ಶಾಲೆಯಲ್ಲಿ ಭೂಗೋಳ ಕಲಿಸಿದರು, ಸಂಜೆ ಹುಡುಗರಿಗೆ ಆಟ ಹೇಳಿಕೊಟ್ಟರು. ಮಧ್ಯವಯಸ್ಸಿಗೆ ಬಂದಾಗ ಪೂರ್ವದ ಕಡೆಯ ಒಂದು ಕ್ಲಬ್ಬು ಅವರನ್ನು ಸ್ಕೌಟ್ ಆಗಿ ಕೆಲಸಕ್ಕೆ ತೆಗೆದುಕೊಂಡಿತು. ನೆಬ್ರಾಸ್ಕಾ, ಕಾನ್ಸಾಸ್, ಅಯೋವಾ, ಎರಡು ಡಕೋಟಾಗಳು, ಇಷ್ಟರ ಕಾಲೇಜು ಮೈದಾನಗಳನ್ನೆಲ್ಲ ಪ್ರತಿ ಸೀಸನ್ನಿನಲ್ಲೂ ಸುತ್ತಿ, ಹಣಕ್ಕೆ ಆಡುವ ಮಟ್ಟಕ್ಕೆ ಯಾರು ಏರಬಲ್ಲರು ಅಂತ ನೋಡಿ ಹೇಳುವ ಕೆಲಸ.

ಎಲ್ಲ ಬಗೆಯ ಆಟಗಾರರನ್ನೂ ನೋಡಬೇಕಾಗಿತ್ತು. ಮನಸ್ಸು ಮಾತ್ರ ಲೈನ್‌ಬ್ಯಾಕರ್‌ಗಳ ಮೇಲೆ. ಎಷ್ಟು ಜೋರಾಗಿ ಓಡುತ್ತಾನೆ ಅನ್ನೋದನ್ನು ಗಡಿಯಾರ ಹೇಳುತ್ತದೆ, ಅದಕ್ಕೆ ನಾನು ಯಾಕೆ ಅನ್ನುತ್ತಿದ್ದರು. ಅವರು ನೋಡುತ್ತಿದ್ದದ್ದು ಮೊದಲ ಹೆಜ್ಜೆ ಯಾವ ಕಡೆ ಬಿತ್ತು ಅನ್ನೋದನ್ನು. ಜೋರಾಗಿ ಗುದ್ದಿಸಿಕೊಂಡು ಬಿದ್ದವನು ಎದ್ದ ಮೇಲೆ, ಮುಂದಿನ ಸಲ ಅದೇ ಜಾಗಕ್ಕೆ ಹೋಗಲು ಹಿಂಜರಿದನಾ ಅನ್ನೋದನ್ನು. ಆಟ ತನ್ನಿಂದ ದೂರ ಹೋದ ಮೇಲೂ ಓಡುತ್ತಿದ್ದಾನಾ, ಇನ್ಯಾರೋ ಹಿಡಿಯುತ್ತಾರೆ ಬಿಡು ಅಂತ ನಿಂತುಬಿಟ್ಟನಾ ಅನ್ನೋದನ್ನು.

ಆ ಕೆಲಸದ ಎರಡನೆಯ ವರ್ಷವೋ ಮೂರನೆಯದೋ ಇರಬೇಕು, ಹಿಮ ಬಿದ್ದು ಹೆದ್ದಾರಿ ಮುಚ್ಚಿದ್ದ ದಿನ, ದಾರಿ ಬದಿಯ ಊಟದ ಮನೆಯಲ್ಲಿ ಆಂಬ್ರೋಸ್ ಫಾಂಟನೋ ಸಿಕ್ಕಿದ. ಆಂಬ್ರೋಸ್ ಲೂಸಿಯಾನಾದ ಕಪ್ಪು ಮನುಷ್ಯ, ಬಾಗಿಲು ತುಂಬುವಂಥ ಆಳು. ಎರಡು ಸೀಸನ್ನು ದೊಡ್ಡ ಕ್ಲಬ್ಬಿನಲ್ಲಿ ಲೈನ್‌ಬ್ಯಾಕರ್ ಆಗಿ ಆಡಿ, ಮಂಡಿ ಹಾಳುಮಾಡಿಕೊಂಡು, ದಕ್ಷಿಣದ ಇನ್ನೊಂದು ಕ್ಲಬ್ಬಿಗೆ ಸ್ಕೌಟ್ ಆಗಿದ್ದವನು. ಅವನಿಗೆ ಕೊಟ್ಟದ್ದೂ ನಮ್ಮ ಬಯಲುಸೀಮೆಯೇ. ಅಂದರೆ ಇಬ್ಬರೂ ನೋಡಬೇಕಾದದ್ದು ಅದೇ ಹುಡುಗರನ್ನು, ಎರಡು ಬೇರೆ ಕ್ಲಬ್ಬುಗಳಿಗಾಗಿ. ಅವತ್ತು ಅವನ ಕಾರು ಕೈಕೊಟ್ಟಿತ್ತು. ರಸ್ತೆ ತೆರೆದ ಮೇಲೆ ಭಾವ ತಮ್ಮ ಕಾರಿಗೆ ಹತ್ತಿಸಿಕೊಂಡರು. ಹತ್ತುವ ಮೊದಲೇ ಆಂಬ್ರೋಸ್ ಒಂದು ಕರಾರು ಹಾಕಿದ.

"ನೋಡು ಮಾರಾಯ, ಕಾರಲ್ಲಿ ಹುಡುಗರ ಮಾತಿಲ್ಲ. ಹೆಂಡತಿ, ದೇವರು, ಮಂಡಿನೋವು, ಊಟ, ಏನು ಬೇಕಾದ್ರೂ ಮಾತಾಡೋಣ. ಆಟಗಾರನ ಹೆಸರು ಬಾಯಿಗೆ ಬಂತೋ, ಅಲ್ಲೇ ಇಳಿದು ನಡ್ಕೊಂಡು ಹೋಗ್ತೀನಿ."

"ಈ ಹಿಮದಲ್ಲಾ?"

"ಅದಕ್ಕೇ ನೀನು ಹೆಸರು ತೆಗೀಬೇಡ ಅಂದಿದ್ದು."

ಆವತ್ತಿನಿಂದ ಇಬ್ಬರೂ ಒಂದೇ ಕಾರಿನಲ್ಲಿ ತಿರುಗಿದರು. ಮೈದಾನದಲ್ಲಿ ಅಕ್ಕಪಕ್ಕ ಕೂತು ನೋಡುವುದು, ಒಂದೇ ಮೇಜಿನಲ್ಲಿ ಉಣ್ಣುವುದು, ಆಮೇಲೆ ಮೋಟೆಲಿನ ತಮ್ಮ ತಮ್ಮ ರೂಮಿಗೆ ಹೋಗಿ ತಮ್ಮ ತಮ್ಮ ಕ್ಲಬ್ಬಿಗೆ ಫೋನ್ ಮಾಡಿ ಗುಟ್ಟಾಗಿ ಹೇಳುವುದು. ಎದುರಿಗೆ ಒಬ್ಬ ಹುಡುಗ ಮೈ ಜುಮ್ಮೆನ್ನುವ ಹಾಗೆ ಆಡಿದರೂ ಇಬ್ಬರೂ ಮುಖದಲ್ಲಿ ಏನೂ ತೋರಿಸುತ್ತಿರಲಿಲ್ಲ. ಆದರೂ ಗೊತ್ತಾಗಿಬಿಡುತ್ತಿತ್ತು. ಯಾರಾದರೂ ಮನಸ್ಸಿಗೆ ಹಿಡಿಸಿದರೆ ವಾಪಸು ಬರುವಾಗ ಆಂಬ್ರೋಸ್ ಪೈ ಅನ್ನುವ ಸಿಹಿತಿಂಡಿಯ ವಿಷಯ ತೆಗೆಯುತ್ತಿದ್ದ. ತನ್ನ ಅಮ್ಮ ಮಾಡುತ್ತಿದ್ದ ಪೀಕನ್ ಬೀಜದ ಪೈ, ಹೆಂಡತಿ ಓಡೀಲ್ ಮಾಡುವ ಗೆಣಸಿನ ಪೈ, ಇಲ್ಲಿಯವರಿಗೆ ಹಿಟ್ಟು ಕಲಸಲು ಬಾರದ ಕರ್ಮ. ಹುಡುಗ ಎಷ್ಟು ಹಿಡಿಸಿದ್ದಾನೋ ಅಷ್ಟು ದೂರ ಪೈ. ಭಾವ ತಮಗೇನೂ ತಿಳಿಯದವರ ಹಾಗೆ ಹೂಂಗುಟ್ಟುತ್ತಿದ್ದರು. ಭಾವನೇ ಯಾರನ್ನಾದರೂ ಮೆಚ್ಚಿದಾಗ ಏನು ಮಾಡುತ್ತಿದ್ದರು ಅಂತ ಆಂಬ್ರೋಸನನ್ನು ಒಮ್ಮೆ ಕೇಳಿದೆ. ನಿಮ್ಮ ಭಾವ ಮೆಚ್ಚಿದಾಗ ಸತ್ತವರ ಹಾಗೆ ಕೂತುಬಿಡ್ತಾರೆ, ಉಳಿದಾಗ ಬರೀ ಮಲಗಿರೋರ ಹಾಗೆ, ವ್ಯತ್ಯಾಸ ಗೊತ್ತಾಗೋಕೆ ನನಗೆ ಬಹಳ ವರ್ಷ ಹಿಡೀತು ಅಂದ.

ನಮ್ಮೂರ ದಾರಿಯಲ್ಲಿ ಹೋದಾಗಲೆಲ್ಲ ಅಕ್ಕನ ಮನೆಗೆ ಬರುತ್ತಿದ್ದ. ನಮ್ಮ ಅಜ್ಜಿಯ ಕಾಲದ ಚೆಕ್ ದೇಶದ ಅಡುಗೆ ಅವನಿಗೆ ಇಷ್ಟ. ಒಣದ್ರಾಕ್ಷಿಯಂತೆ ಕಪ್ಪಗಿರುವ ಪ್ಲಮ್ಮಿನ ಜಾಮು ತುಂಬಿದ ಕೊಲಾಚೆ ಬನ್ನುಗಳನ್ನು ತಿಂದು, ಉಳಿದದ್ದನ್ನು ಕೇಳದೆಯೇ ಕೋಟಿನ ಜೇಬಿಗೆ ಹಾಕಿಕೊಳ್ಳುತ್ತಿದ್ದ. ವಯಸ್ಸಿನಲ್ಲಿ ನನಗಿಂತ ಎಷ್ಟೋ ದೊಡ್ಡವನಾದರೂ ಮೊದಲ ದಿನವೇ ಹಟ ಹಿಡಿದು ನನ್ನಿಂದ ಏಕವಚನದಲ್ಲಿ ಕರೆಸಿಕೊಂಡ. ಊರಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟುಕೊಂಡಿದ್ದ ನನ್ನನ್ನೇ, ಅಂಗಡಿಯವನಿಗೆ ಮರ್ಯಾದೆ ಎಲ್ಲಿಂದ ಬರಬೇಕು ಅಂತ ಛೇಡಿಸುತ್ತಿದ್ದ.

ಹೀಗೆ ಎಷ್ಟೋ ಸೀಸನ್ನುಗಳು ಕಳೆದವು. ಒಂದು ವರ್ಷ ಸೆಪ್ಟೆಂಬರಿನಲ್ಲಿ, ಕಾನ್ಸಾಸಿನ ಜೋಳದ ಹೊಲಗಳ ನಡುವೆ ಹೋಗುತ್ತಿರುವಾಗ, ಆಂಬ್ರೋಸ್ ಇದ್ದಕ್ಕಿದ್ದಂತೆ ಕೇಳಿದನಂತೆ: ಆ ಲಿಂಡಾಲ್ ಹುಡುಗನ ಮಂಡಿ ವಾಸಿಯಾಯಿತಾ, ಇವತ್ತು ಆಡುತ್ತಾನಾ ಅಂತ. ಭಾವನಿಗೆ ಎರಡು ಕಾರಣಕ್ಕೆ ದಿಗಿಲಾಯಿತು. ಕಾರಿನಲ್ಲಿ ಆಟಗಾರನ ಹೆಸರು ತೆಗೆದವನು ಆಂಬ್ರೋಸ್ ಅನ್ನೋದು ಒಂದು. ಲಿಂಡಾಲ್ ಕಾಲೇಜು ಬಿಟ್ಟು ಎಷ್ಟೋ ವರ್ಷವಾಗಿ, ಈಗ ಅವನ ಮಕ್ಕಳೇ ಶಾಲೆಗೆ ಹೋಗುತ್ತಿದ್ದರು ಅನ್ನೋದು ಇನ್ನೊಂದು. ಮೊದಲು ತಮಾಷೆ ಅಂದುಕೊಂಡರು. ಆಮೇಲೆ ಪೆಟ್ರೋಲ್ ಬಂಕಿನಲ್ಲಿ ಕಾಫಿ ತರಲು ಇಳಿದವನು, ಅದೇ ಬಣ್ಣದ ಇನ್ಯಾರದೋ ಕಾರಿನ ಪಕ್ಕ ಹೋಗಿ ನಿಂತು, ಭಾವ ಬಂದು ಬೀಗ ತೆಗೆಯಲಿ ಅಂತ ಕಾಯುತ್ತಿದ್ದ.

ಭಾವ ಅದನ್ನು ಅಕ್ಕನಿಗೆ ಹೇಳಿದರು. ಅಕ್ಕ ಏನು ಮಾಡಬೇಕೆಂದು ಯೋಚಿಸುತ್ತಿರುವಾಗಲೇ ಆಂಬ್ರೋಸನ ಹೆಂಡತಿ ಓಡೀಲ್ ಫೋನ್ ಮಾಡಿದಳು. ಬೇಸಿಗೆಯಲ್ಲೇ ಡಾಕ್ಟರು ಹೇಳಿಬಿಟ್ಟಿದ್ದರಂತೆ, ಮರೆವು ಇನ್ನು ಹೆಚ್ಚುತ್ತಾ ಹೋಗುತ್ತದೆ, ಹಿಂದಕ್ಕೆ ಬರುವುದಿಲ್ಲ ಅಂತ. ಇದೊಂದು ಸೀಸನ್ನು ಮುಗಿಸಿಬಿಡ್ತೀನಿ, ಆಮೇಲೆ ನಾನೇ ಕ್ಲಬ್ಬಿಗೆ ಹೇಳ್ತೀನಿ ಅಂತ ಆಂಬ್ರೋಸ್ ಕೈಹಿಡಿದು ಬೇಡಿಕೊಂಡಿದ್ದನಂತೆ. ಅವಳು ಭಾವನ ಹತ್ತಿರ ಹೇಳಿದ್ದು ಇಷ್ಟೇ: "ಅವರೊಬ್ಬರೇ ಓಡಾಡೋ ಹಾಗಿದ್ದಿದ್ರೆ ನಾನು ಮನೆಯಿಂದ ಕಳಿಸ್ತಾನೇ ಇರ್ಲಿಲ್ಲ. ನೀವು ಜೊತೇಲಿ ಇರ್ತೀರಲ್ಲಾಂತ ಬಿಟ್ಟೆ. ನಿಮ್ಮನ್ನ ಒಂದು ಮಾತು ಕೇಳದೆ ಬಿಟ್ಟೆ, ಅದಕ್ಕೆ ಬೇಜಾರು ಮಾಡ್ಕೋಬೇಡಿ."

ಭಾವ ಬೇಜಾರು ಮಾಡಿಕೊಳ್ಳಲಿಲ್ಲ. ಅಲ್ಲಿಯವರೆಗೆ ಇಬ್ಬರೂ ಸರದಿಯ ಮೇಲೆ ಕಾರು ಓಡಿಸುತ್ತಿದ್ದರು. ಮರುದಿನದಿಂದ, ಪಕ್ಕದ ಸೀಟಿನಲ್ಲಿ ಕೂತರೆ ನನಗೆ ಬೆನ್ನು ನೋಯುತ್ತದೆ ಅಂತ ನೆಪ ಹೇಳಿ ಪೂರ್ತಿ ತಾವೇ ಓಡಿಸಿದರು. ಮೋಟೆಲಿನಲ್ಲಿ ಒಂದೇ ರೂಮು ತೆಗೆದುಕೊಂಡರು. ಆಂಬ್ರೋಸನ ಗೊರಕೆಗೆ ಕಿವಿಗೆ ಹತ್ತಿ ಇಟ್ಟುಕೊಂಡರು.

ಕಷ್ಟವಾದದ್ದು ಕೆಲಸದ ವಿಷಯ. ಆಂಬ್ರೋಸ್ ಆಟವನ್ನು ಎಂದಿನಂತೆಯೇ ನೋಡುತ್ತಿದ್ದ. ನೋಡಿದ್ದು ಚೆನ್ನಾಗಿಯೇ ತಿಳಿಯುತ್ತಿತ್ತು. ಆದರೆ ಕ್ಲಬ್ಬಿಗೆ ಫೋನ್ ಮಾಡುವ ಹೊತ್ತಿಗೆ ಹೆಸರುಗಳು ಕಲಸಿಹೋಗುತ್ತಿದ್ದವು. ಒಂದು ಸಂಜೆ ಒಬ್ಬನನ್ನು ಹೊಗಳಿ ಇನ್ನೊಬ್ಬನ ಹೆಸರು ಹೇಳುವುದು ಭಾವನ ಕಿವಿಗೆ ಬಿತ್ತು. ಊಟದ ಮೇಜಿಗೂ ಹಬ್ಬಿದ್ದ ಆ ಕರಾರನ್ನು ಮಾರನೆಯ ದಿನ ಭಾವ ತಾವಾಗಿ ಮುರಿದರು. ಇವತ್ತು ಎಡಗಡೆ ಆಡಿದ ಆ ಎತ್ತರದ ಹುಡುಗನ ಹೆಸರು ಓಸ್ಟರ್‌ಮನ್ ಅಂದರು.

ಆಂಬ್ರೋಸ್ ಚಮಚ ಕೆಳಗಿಟ್ಟ. ನನಗೆ ಪಾಠ ಹೇಳೋಕೆ ಬರ್ತೀಯಾ, ಕಲಿಸೋದಾದ್ರೆ ನಿನ್ನ ಶಾಲೆಗೇ ಹೋಗು ಅಂದನಂತೆ. ಆಮೇಲೆ ಅವನೇ ಕೇಳಿದ, ಎಷ್ಟು ದಿನದಿಂದ ಗೊತ್ತು ನಿನಗೆ ಅಂತ. ಭಾವ ಹೇಳಿದರು.

"ಹೆಸರು ಮಾತ್ರ ನಾನು ಕೊಡ್ತೀನಿ, ಆಂಬ್ರೋಸ್. ನೋಡೋ ಕಣ್ಣು ನಿಂದೇ. ಅದ್ರಲ್ಲಿ ನಾನು ಕೈ ಹಾಕಲ್ಲ, ನನ್ನ ಅಭಿಪ್ರಾಯಾನೂ ಹೇಳಲ್ಲ."

"ಅದನ್ನ ನಾನು ಕೇಳೋದೂ ಇಲ್ಲ," ಅಂದ ಆಂಬ್ರೋಸ್. "ನಿನ್ನ ಅಭಿಪ್ರಾಯ ತಗೊಂಡು ನನ್ನ ಕ್ಲಬ್ಬು ಉದ್ಧಾರ ಆಗೋದು ಅಷ್ಟರಲ್ಲೇ ಇದೆ."

ಹಾಗೆ ನಡೆಯಿತು ಆ ಶರತ್ಕಾಲ. ನವೆಂಬರಿನಲ್ಲಿ ದಕ್ಷಿಣ ಡಕೋಟಾದ ಒಂದು ಪುಟ್ಟ ಕಾಲೇಜಿಗೆ ಹೋಗುವ ದಿನ ಬಂತು. ಅಲ್ಲಿ ಟೊಬಾಯಾ ರೆಂಕೆನ್ ಅನ್ನುವ ಲೈನ್‌ಬ್ಯಾಕರ್ ಇದ್ದ, ಹಂದಿ ಸಾಕುವವರ ಮನೆಯ ಹುಡುಗ. ಕುಳ್ಳ, ಓಟವೂ ಸಾಧಾರಣ, ದೊಡ್ಡ ಕಾಲೇಜುಗಳ್ಯಾವುವೂ ತೆಗೆದುಕೊಂಡಿರಲಿಲ್ಲ. ಹಿಂದಿನ ವರ್ಷ ಆಂಬ್ರೋಸ್ ಜ್ವರ ಬಂದು ಮಲಗಿದ್ದಾಗ ಭಾವ ಒಬ್ಬರೇ ಹೋಗಿ ಅವನನ್ನು ನೋಡಿದ್ದರು. ಇವನು ಚೆಂಡು ಅಲುಗುವ ಮೊದಲೇ ಹೊರಡುತ್ತಾನೆ, ಸರಿಯಾದ ಕಡೆಗೇ ಹೊರಡುತ್ತಾನೆ, ಹೇಗೆ ಅಂತ ಮಾತ್ರ ಅವರಿಗೆ ಅರ್ಥವಾಗಿರಲಿಲ್ಲ. ತಲೆ ತಗ್ಗಿಸಿ ನಿಲ್ಲುತ್ತಾನೆ, ಊಹೆಯ ಮೇಲೆ ಆಡುತ್ತಾನೆ, ಊಹೆ ಚೆನ್ನಾಗಿದೆ ಅಂತ ತಮ್ಮ ಕ್ಲಬ್ಬಿಗೆ ಹೇಳಿದ್ದರು. ಬೇರೆ ಯಾವ ಸ್ಕೌಟೂ ಆ ಕಡೆ ಸುಳಿದಿರಲಿಲ್ಲ. ಕ್ಲಬ್ಬುಗಳು ಸರದಿಯಂತೆ ಹುಡುಗರನ್ನು ಆರಿಸುವಾಗ ಕೊನೆಯ ಸುತ್ತಿನಲ್ಲಿ ಸದ್ದಿಲ್ಲದೆ ಅವನನ್ನು ಎತ್ತಿಕೊಳ್ಳಬಹುದು ಅನ್ನೋದು ಭಾವನ ಲೆಕ್ಕ. ಇಡೀ ಕೆಲಸದ ಜೀವನದಲ್ಲಿ, ಇವನನ್ನು ಕಂಡುಹಿಡಿದವನು ನಾನು ಅಂತ ಹೇಳಿಕೊಳ್ಳಲು ಅವರಿಗೆ ಇದ್ದವನು ಅವನೊಬ್ಬನೇ.

ಆಂಬ್ರೋಸನನ್ನು ಮೋಟೆಲಿನಲ್ಲಿ ಒಬ್ಬನೇ ಬಿಟ್ಟುಹೋಗುವ ಹಾಗಿರಲಿಲ್ಲ. ಕರೆದುಕೊಂಡೇ ಹೋದರು.

ಮುಖ ಕೊಯ್ಯುವ ಗಾಳಿ. ಇಬ್ಬರೂ ಕಾಲ ಮೇಲೆ ಕಂಬಳಿ ಹೊದ್ದು ಕೂತರು. ಆಂಬ್ರೋಸ್ ದುರ್ಬೀನು ಕಣ್ಣಿಗಿಟ್ಟವನು ಪೂರ್ತಿ ಆಟ ಇಳಿಸಲಿಲ್ಲ. ವಾಪಸು ಬರುವಾಗ ಪೈ ಶುರುವಾಯಿತು, ಮೋಟೆಲು ತಲುಪುವವರೆಗೂ ನಿಲ್ಲಲಿಲ್ಲ. ಊಟಕ್ಕೆ ಕೂತಾಗ ಭಾವ ಎಂದಿನಂತೆ ಹೆಸರುಗಳನ್ನು ಹೇಳಿದರು. ರೆಂಕೆನ್ ಅಂದ ಕೂಡಲೇ ಆಂಬ್ರೋಸ್ ತನ್ನ ದೊಡ್ಡ ಕೈಯನ್ನು ಮೇಜಿನ ಮೇಲೆ ಊರಿದ. ಬೆರಳ ಮೇಲೆ ಭಾರ ಹಾಕಿದ. ಉಗುರುಗಳು ಬಿಳಿಚಿಕೊಂಡವು. ಭಾರ ತೆಗೆದ, ಬಣ್ಣ ಬಂತು.

"ಎಲ್ಲರೂ ಚೆಂಡು ನೋಡ್ತಾರೆ. ಇವನು ಎದುರಿನ ಸಾಲಿನವರ ಬೆರಳು ನೋಡ್ತಾನೆ ಕಣೋ. ಬಿಳಿಚಿಕೊಂಡಿದ್ರೆ ಮೈಭಾರ ಮುಂದಿದೆ, ನುಗ್ತಾರೆ. ಹಗುರಾಗಿದ್ರೆ ಹಿಂದಕ್ಕೆ ಹೋಗ್ತಾರೆ, ಚೆಂಡು ಎಸೀತಾರೆ. ತಲೆ ತಗ್ಗಿಸಿರೋದು ಅದಕ್ಕೆ. ಊಹೆ ಅಲ್ಲ ಅದು, ಓದೋದು."

ಎರಡು ಸೀಸನ್ನು ನೋಡಿಯೂ ಭಾವನಿಗೆ ಕಾಣದ್ದು ಅವನಿಗೆ ಒಂದೇ ಮಧ್ಯಾಹ್ನದಲ್ಲಿ ಕಂಡಿತ್ತು. ಆ ಸಂಜೆ ಫೋನಿನ ಲೈನು ಗಾಳಿಗೆ ಹೋಗಿತ್ತು. ಬೆಳಿಗ್ಗೆ ಹೇಳಿದರಾಯಿತು ಅಂತ ಇಬ್ಬರೂ ಮಲಗಿದರು.

ಬೆಳಿಗ್ಗೆ ತಿಂಡಿಗೆ ಕೂತಾಗ ಆಂಬ್ರೋಸ್ ಕಿಟಕಿಯ ಆಚೆ ನೋಡುತ್ತಾ, ಯಾವ ಊರಿದು ಅಂತ ಕೇಳಿದ. ಭಾವ ಹೇಳಿದರು. ನಿನ್ನೆ ಈ ಕಡೆ ಆಟ ನೋಡಿದ್ವಾ ಅಂದ. ನೋಡಿದೆವು ಅಂದರು.

"ಅಲ್ಲಿ ಯಾರಾದ್ರೂ ಇದ್ನಾ, ವೆಂಡೆಲ್?"

ಆಗ ಮನಸ್ಸಿನಲ್ಲಿ ಏನಾಯಿತು ಅನ್ನೋದನ್ನು ಭಾವ ನನಗೆ ಹೇಳಿದ್ದು ಬಹಳ ವರ್ಷಗಳ ಮೇಲೆ, ನನ್ನ ಅಂಗಡಿಯಲ್ಲಿ ಮೊಳೆಯ ಡಬ್ಬಿಗಳನ್ನು ಜೋಡಿಸಿಕೊಡುತ್ತಾ. ಯಾರೂ ಇಲ್ಲ ಅನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತಂತೆ. ಹೇಳಿದ್ದರೆ ಸುಳ್ಳು ಅಂತ ಹೇಳುವವರು ಈ ಲೋಕದಲ್ಲಿ ಯಾರೂ ಇರಲಿಲ್ಲ, ಆಂಬ್ರೋಸ್ ಕೂಡ. ಹುಡುಗ ತಮ್ಮ ಕ್ಲಬ್ಬಿಗೇ ಬರುತ್ತಿದ್ದ. ಆದರೆ ನಿದ್ದೆಯಲ್ಲಿರುವವನ ಜೇಬಿಗೆ ಕೈ ಹಾಕಿದ ಹಾಗಾಗುತ್ತದಲ್ಲ ಅನ್ನಿಸಿತಂತೆ. ತಟ್ಟೆಯಲ್ಲಿದ್ದ ಮೊಟ್ಟೆ ತಣ್ಣಗಾಗುತ್ತಿತ್ತು. ಆಂಬ್ರೋಸ್ ಕಾಯುತ್ತಿದ್ದ, ಮಗು ಕಾಯುವ ಹಾಗೆ.

"ಇದ್ದ," ಅಂದರು ಭಾವ. "ರೆಂಕೆನ್ ಅಂತ. ಎದುರಿನವರ ಬೆರಳು ನೋಡಿ ಆಡ್ತಾನೆ ಅಂತ ನೀನೇ ಹೇಳ್ದೆ."

"ನನಗೆ ಹಿಡಿಸಿದ್ನಾ?"

"ದಾರಿಯುದ್ದಕ್ಕೂ ಪೈ ಬಗ್ಗೆ ಮಾತಾಡ್ದೆ."

ಆಂಬ್ರೋಸ್ ಅವರ ಮುಖ ನೋಡಿದ. ಆಮೇಲೆ ಜೋರಾಗಿ ನಕ್ಕ. ನಕ್ಕು ನಕ್ಕು ಕಣ್ಣೊರೆಸಿಕೊಂಡ. "ಇಷ್ಟು ವರ್ಷ ಗೊತ್ತಿತ್ತಾ ನಿನಗೆ, ಕಳ್ಳ?" ಅಂದ. ಎದ್ದು ಹೋಗಿ ತನ್ನ ಕ್ಲಬ್ಬಿಗೆ ಫೋನ್ ಮಾಡಿದ. ಹೆಸರು ತಪ್ಪದ ಹಾಗೆ ಭಾವ ಪಕ್ಕದಲ್ಲಿ ನಿಂತಿದ್ದರು. ಬೆರಳಿನ ವಿಷಯವನ್ನು ಭಾವ ತಮ್ಮ ಕ್ಲಬ್ಬಿಗೆ ಹೇಳಲಿಲ್ಲ. ಅದು ಆಂಬ್ರೋಸನ ಕಣ್ಣಿನ ಸ್ವತ್ತು ಅನ್ನೋದು ಅವರ ನಂಬಿಕೆ.

ಏಪ್ರಿಲಿನಲ್ಲಿ, ಕ್ಲಬ್ಬುಗಳೆಲ್ಲ ಸರದಿಯಂತೆ ಕಾಲೇಜು ಹುಡುಗರ ಹೆಸರು ಕೂಗಿ ಆರಿಸಿಕೊಳ್ಳುವ ದಿನ, ನಾವು ಮನೆಯಲ್ಲಿ ಟಿವಿ ಮುಂದೆ ಕೂತಿದ್ದೆವು. ಕೊನೆಗಿಂತ ಒಂದು ಸುತ್ತು ಮೊದಲೇ ಆಂಬ್ರೋಸನ ಕ್ಲಬ್ಬು ರೆಂಕೆನ್ ಹೆಸರು ಕೂಗಿತು. ಭಾವ ಎದ್ದು ಹಿತ್ತಲಿಗೆ ಹೋದರು. ಅಕ್ಕ ಹಿಂದೆಯೇ ಹೋದಳು. ಸ್ವಲ್ಪ ಹೊತ್ತಿನ ಮೇಲೆ ಇಬ್ಬರೂ ಟೊಮೇಟೊ ಪಾತಿ ಅಗೆಯುತ್ತಿರುವುದು ಕಿಟಕಿಯಿಂದ ಕಾಣಿಸಿತು.

ಮರುವಾರ ಭಾವ ತಮ್ಮ ಮೇಲಿನ ಅಧಿಕಾರಿ ಲೀಲಂಡ್ ಪ್ರೈನ್ ಹತ್ತಿರ ಹೋಗಿ ನಡೆದದ್ದನ್ನೆಲ್ಲ ತಾವಾಗಿ ಹೇಳಿಬಿಟ್ಟರು. ಹೇಳದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ, ಯಾಕೆ ಹೇಳಿದಿರಿ ಅಂತ ನಾನು ಬೈದೆ. ಅವರ ಸಂಬಳ ತಿಂದಿದ್ದೇನೆ ಅಂದರು. ಪ್ರೈನ್ ಕಿರುಚಲಿಲ್ಲವಂತೆ. ಪೂರ್ತಿ ಕೇಳಿಸಿಕೊಂಡು, "ನಿಮ್ಮ ಜಾಗದಲ್ಲಿ ನಾನಿದ್ರೂ ಪ್ರಾಯಶಃ ಅದನ್ನೇ ಮಾಡ್ತಿದ್ದೆ, ವೆಂಡೆಲ್. ಆದ್ರೆ ನನ್ನ ಜಾಗದಲ್ಲಿ ನೀವಿದ್ರೂ ಈಗ ನಾನು ಮಾಡೋದನ್ನೇ ಮಾಡ್ಬೇಕಾಗಿತ್ತು," ಅಂದು, ಬೇಸಿಗೆಗೆ ಮುಗಿಯುತ್ತಿದ್ದ ಅವರ ಒಪ್ಪಂದವನ್ನು ಮುಂದುವರಿಸಲಿಲ್ಲ. ಆಂಬ್ರೋಸ್ ಮಾತು ಕೊಟ್ಟಿದ್ದ ಹಾಗೆ ತಾನೇ ಕ್ಲಬ್ಬಿಗೆ ಹೇಳಿ ಮನೆಗೆ ಹೋದ. ಕ್ಲಬ್ಬಿನವರು ಅವನಿಗೆ ಔತಣ ಮಾಡಿ ಕಳಿಸಿದರು.

ಆ ವರ್ಷದ ಶರತ್ಕಾಲ ಭಾವನಿಗೆ ಕೆಟ್ಟದ್ದು. ಶನಿವಾರ ಬೆಳಿಗ್ಗೆ ಎದ್ದು ಕೋಟು ಹಾಕಿಕೊಂಡು ತಯಾರಾಗುತ್ತಿದ್ದರು. ಹೋಗಲು ಜಾಗವಿಲ್ಲದೆ ನನ್ನ ಅಂಗಡಿಗೆ ಬಂದು ನಿಲ್ಲುತ್ತಿದ್ದರು. ಊರ ಶಾಲೆಯವರು ಕರೆದರೂ ಹೋಗಲಿಲ್ಲ. ಅಕ್ಕ ನನ್ನ ಹತ್ತಿರ, ನಿಮ್ಮ ಭಾವನ ದೇಹ ಮಾತ್ರ ಮನೆಗೆ ಬಂದಿದೆ ಅಂತ ಅತ್ತಳು.

ಅಕ್ಟೋಬರಿನಲ್ಲಿ ಓಡೀಲಳ ಫೋನು ಬಂತು. ಆಂಬ್ರೋಸ್ ಪ್ರತಿದಿನ ಬೆಳಗಾದರೆ ಕೋಟು ತೊಟ್ಟು, ಹೊರಗೆ ನಿಂತ ಕಾರಿನ ಬಾಗಿಲು ತೆಗೆದು ಪಕ್ಕದ ಸೀಟಿನಲ್ಲಿ ಕೂರುತ್ತಾನಂತೆ. ಒಳಗೆ ಬನ್ನಿ ಅಂದರೆ, ವೆಂಡೆಲ್ ಬರೋ ಹೊತ್ತಾಯ್ತು ಅನ್ನುತ್ತಾನಂತೆ. ಬಿಸಿಲೇರುವವರೆಗೂ ಕೂತಿರುತ್ತಾನಂತೆ. ಅವಳು ಬನ್ನಿ ಅಂತ ಕರೆಯಲಿಲ್ಲ. ಸುಮ್ಮನೆ ಹೇಳಿದಳು, ಅಷ್ಟೆ.

ಭಾವ ಫೋನಿಟ್ಟು, ಲೂಸಿಯಾನಾಕ್ಕೆ ಎಷ್ಟು ಬಟ್ಟೆ ಬೇಕಾಗಬಹುದು ಅಂತ ಅಕ್ಕನನ್ನು ಕೇಳಿದರು.

ಇಬ್ಬರೂ ಕಾರಿನಲ್ಲೇ ಹೋದರು. ತಲುಪಿದಾಗ ಬೆಳಗಿನ ಹೊತ್ತು. ಆಂಬ್ರೋಸ್ ತನ್ನ ಕಾರಿನ ಸೀಟಿನಲ್ಲಿ ಕೂತೇ ಇದ್ದ. ಭಾವ ಆ ಕಡೆಯ ಬಾಗಿಲು ತೆಗೆದು ಸ್ಟಿಯರಿಂಗ್ ಹಿಂದೆ ಕೂತರು. ತಡ ಮಾಡಿದೆ ಅಂತ ಆಂಬ್ರೋಸ್ ಗೊಣಗಿದನಂತೆ. ರಸ್ತೆ ಸರಿಯಿರಲಿಲ್ಲ ಅಂದರಂತೆ ಭಾವ. ಕಾರು ಹೊರಟಿತು. ಅಕ್ಕ, ಓಡೀಲ್ ಇಬ್ಬರೂ ಜಗಲಿಯಲ್ಲಿ ನಿಂತು ನೋಡಿದರು.

ನಾಲ್ಕು ದಿನ ಇದ್ದು ಬರುತ್ತೇವೆ ಅಂತ ಹೋದವರು ಮಾರ್ಚಿನವರೆಗೆ ಬರಲಿಲ್ಲ. ಓಡೀಲಳ ಬೀದಿಯ ಹಿಂದಿನ ಬೀದಿಯಲ್ಲೇ ಸಣ್ಣ ಮನೆ ಬಾಡಿಗೆಗೆ ಹಿಡಿದರು. ಮುಂದಿನ ವರ್ಷಗಳಲ್ಲೂ ಅದೇ, ಶರತ್ಕಾಲ ಬಂದರೆ ಅಲ್ಲಿಗೆ, ಮಾರ್ಚಿಗೆ ವಾಪಸು. ಭಾವ ಬೆಳಿಗ್ಗೆ ಆಂಬ್ರೋಸನನ್ನು ಕಾರಿನಲ್ಲಿ ಸುತ್ತಿಸುತ್ತಿದ್ದರು, ಸಂಜೆ ಊರ ಶಾಲೆಯ ಮೈದಾನಕ್ಕೆ ಕರೆದೊಯ್ದು ಮಡಿಸುವ ಕುರ್ಚಿ ಹಾಕಿ ಕೂರಿಸುತ್ತಿದ್ದರು. ನಾನೂ ಒಮ್ಮೆ ಹೋಗಿದ್ದೆ. ಆಂಬ್ರೋಸನಿಗೆ ನನ್ನ ಗುರುತು ಸಿಗಲಿಲ್ಲ, ಭಾವನನ್ನು ಕೋಚ್ ಅನ್ನುತ್ತಿದ್ದ. ಆದರೆ ಆಟ ಶುರುವಾದರೆ ಮೈಯೆಲ್ಲ ಎಚ್ಚರ. ಅವನ ಕಾಲು ನೋಡು, ಅವನ ಕಾಲು ನೋಡು ಅಂತ ನನ್ನ ತೋಳು ಹಿಡಿದು ತೋರಿಸಿದ. ನನಗೆ ಬರೀ ಕಾಲು ಕಂಡಿತು.

ರೆಂಕೆನ್ ಭಾರಿ ಹೆಸರು ಮಾಡಲಿಲ್ಲ. ಮೂರು ಸೀಸನ್ನು ಆಡಿದ, ಹೆಚ್ಚಿನಂಶ ಬದಲಿ ಆಟಗಾರನಾಗಿ. ಒಮ್ಮೆ ಆ ಕಡೆ ಆಟಕ್ಕೆ ಬಂದವನು, ಮನೆಯಲ್ಲಿ ಹೊಗೆಯಲ್ಲಿ ಹದಮಾಡಿದ ಹಂದಿಯ ತೊಡೆಯೊಂದನ್ನು ಕಾಗದದಲ್ಲಿ ಸುತ್ತಿಕೊಂಡು ಆಂಬ್ರೋಸನನ್ನು ನೋಡಲು ಬಂದ. ತನ್ನನ್ನು ಯಾರು ಆರಿಸಿದರು ಅಂತ ಯಾರೋ ಅವನಿಗೆ ಹೇಳಿದ್ದರು. ಆಂಬ್ರೋಸ್ ಅವನನ್ನು ಮೇಲಿಂದ ಕೆಳಗೆ ನೋಡಿ, ಸೊಂಟದ ಹತ್ತಿರ ದಪ್ಪ ಆಗಿದ್ದೀಯಾ, ಹೀಗಾದರೆ ತಿರುಗೋಕಾಗಲ್ಲ ಅಂದ. ಹುಡುಗ ನಿಜ ಸರ್ ಅಂದ. ಭಾವನನ್ನು ಅವನು ಮನೆಯ ಅಳಿಯನೋ ನೆಂಟನೋ ಅಂದುಕೊಂಡು ಕೈಕುಲುಕಿ ಹೋದ. ಭಾವ ತಿದ್ದಲಿಲ್ಲ.

ಆಂಬ್ರೋಸ್ ತೀರಿಕೊಂಡದ್ದು ಐದನೆಯ ಚಳಿಗಾಲದ ಕೊನೆಯಲ್ಲಿ, ಮನೆಯಲ್ಲೇ, ನೋವಿಲ್ಲದೆ. ಚರ್ಚಿನಲ್ಲಿ ಓಡೀಲ್ ಭಾವನಿಗೆ ಎರಡು ಮಾತಾಡಿ ಅಂದಳು. ಭಾವ ಎದ್ದು ಮುಂದೆ ಹೋಗಿ ನಿಂತರು. ತುಂಬಿದ ಚರ್ಚು ಕಾಯಿತು. ಕೊನೆಗೆ, "ಇವನ ಜೊತೆ ಕಾರಲ್ಲಿ ಹೋಗೋದು ನನಗೆ ಇಷ್ಟ ಇತ್ತು," ಅಂದು ಬಂದು ಕೂತರು. ಹಿಂದಿನ ಬೆಂಚಿನ ಅಜ್ಜಿಯೊಬ್ಬರು ಗಟ್ಟಿಯಾಗಿ ಆಮೆನ್ ಅಂದರು.

ಇನ್ನು ಅಲ್ಲಿಗೆ ಹೋಗುವುದು ನಿಲ್ಲುತ್ತದೆ ಅಂದುಕೊಂಡಿದ್ದೆ. ಅಷ್ಟರಲ್ಲಿ ಅಕ್ಕ ಮತ್ತು ಓಡೀಲ್ ಒಬ್ಬರನ್ನೊಬ್ಬರು ಬಿಟ್ಟಿರಲಾರದ ಹಾಗಾಗಿದ್ದರು, ಭಾವ ಆ ಶಾಲೆಯ ಹುಡುಗರಿಗೆ ಲೈನ್‌ಬ್ಯಾಕರ್ ಆಟ ಹೇಳಿಕೊಡಲು ಒಪ್ಪಿಕೊಂಡಿದ್ದರು. ಈ ವರ್ಷವೂ ಇಬ್ಬರೂ ಹೋಗಿದ್ದಾರೆ. ಅಕ್ಕ ವಾರಕ್ಕೊಮ್ಮೆ ಫೋನ್ ಮಾಡಿ ಸೊಳ್ಳೆಗಳನ್ನು ಬಯ್ಯುತ್ತಾಳೆ, ಯಾವಾಗ ಬರ್ತೀರಿ ಅಂದರೆ ಮಾತು ತಿರುಗಿಸುತ್ತಾಳೆ. ಇಲ್ಲಿ ನಿನ್ನೆಯಿಂದ ಹಿಮ ಬೀಳುತ್ತಿದೆ. ಅವರ ಮನೆ ಬಾಗಿಲ ಮುಂದಿನದನ್ನೂ ನಾನೇ ಎತ್ತಿ ಹಾಕಬೇಕು.